ಉಡದಾರದ ತೂಕ

ಐದು ಕಿಲೋ ಮುನ್ನೂರ ತೊಂಬತ್ಮೂರು ಗ್ರಾಂ. ಆ ವರ್ಷದ ಬಗ್ಗೆ ನಾನು ಆಣೆ ಮಾಡಿ ಹೇಳಬಲ್ಲದ್ದು ಈ ಅಂಕಿಯೊಂದನ್ನೇ. ಉಳಿದದ್ದೆಲ್ಲ ನೆನಪು. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಉಳಿದಿಲ್ಲ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಅವು ದೊಡ್ಡವಾಗುವವರೆಗೆ ಹಿಂಬಾಲಿಸುವ ಅಧ್ಯಯನ ಅದು. ತಿಂಗಳಿಗೊಮ್ಮೆ ತೂಕ, ಮೂರು ತಿಂಗಳಿಗೊಮ್ಮೆ ಉದ್ದ, ಆಮೇಲೆ ವರ್ಷಕ್ಕೊಮ್ಮೆ ರಕ್ತ, ಉಸಿರು, ಎಲ್ಲ. ಎಳೆಯದರಲ್ಲಿ ಹೇಗೆ ಬೆಳೆದ ಮಗುವಿಗೆ ಮುಂದೆ ಯಾವ ಕಾಯಿಲೆ ಬರುತ್ತದೆ ಎಂದು ತಿಳಿಯುವುದು ಉದ್ದೇಶ. ಆಸ್ಪತ್ರೆ ದೂರ, ಕರೆಂಟು ಬಂದಾಗ ಬಂತು, ಯಂತ್ರ ಕೆಟ್ಟರೆ ರಿಪೇರಿಗೆ ಹುಬ್ಬಳ್ಳಿಗೆ ಹೋಗಬೇಕು. ಹಾಗಾಗಿ ಎಲ್ಲವೂ ಅಳೆಯುವವರ ಕೈಮೇಲೆ ನಿಂತಿತ್ತು. ಆ ಕೈಗಳನ್ನು ಪಳಗಿಸುವುದು ನನ್ನ ಕೆಲಸ. ಅವರು ಕಳಿಸಿದ ಅಂಕಿಗಳನ್ನು ಅನುಮಾನಿಸುವುದೂ ನನ್ನದೇ ಕೆಲಸ. ಎರಡನೆಯದನ್ನು ವಿಶ್ವವಿದ್ಯಾಲಯ ಕಲಿಸಿತ್ತು, ಸ್ವಭಾವವೂ ಕೂಡಿಬಂದಿತ್ತು.

ತರಬೇತಿ ನಡೆದದ್ದು ಶಿಗ್ಗಾಂವಿಯಲ್ಲಿ, ಬೀಜದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಹನ್ನೆರಡು ಮಂದಿ ಹೆಣ್ಣುಮಕ್ಕಳು, ಎಲ್ಲರೂ ಈ ನಾಲ್ಕು ತಾಲ್ಲೂಕಿನವರೇ. ಅಧ್ಯಯನದ ಮುಖ್ಯಸ್ಥೆಯಾಗಿದ್ದ ಹಿರಿಯ ವೈದ್ಯೆ ಮೊದಲ ದಿನವೇ ನನಗೆ ತಾಕೀತು ಮಾಡಿದ್ದರು: “ಇವರನ್ನ ಕಾರ್ಯಕರ್ತೆ, ಸಹಾಯಕಿ ಅನ್ನಬೇಡಿ. ಸಂಶೋಧಕಿ ಅನ್ನಿ. ಹಾಗೆ ಕರೆದರೆ ನಿಮಗೂ ನೆನಪಿರುತ್ತೆ.”

ಕೂಸು ತೂಗುವುದು ಸುಲಭ ಎಂದು ತಿಳಿದವರು ತೂಗಿ ನೋಡಿಲ್ಲ. ನೆಲ ಸಮ ಇರಬೇಕು. ಸಗಣಿ ಸಾರಿಸಿದ ನೆಲವಾದರೆ ಕೆಳಗೆ ಹಲಗೆ ಹಾಕಬೇಕು. ತಕ್ಕಡಿಯ ಮಟ್ಟಗೊಳವೆಯ ಗುಳ್ಳೆ ನಡುವೆ ನಿಂತ ಮೇಲೆ ಸೊನ್ನೆ ಒತ್ತಬೇಕು. ದಿನಾ ಬೆಳಿಗ್ಗೆ ಎರಡು ಕಿಲೋದ ಕಬ್ಬಿಣದ ಬಟ್ಟು ಇಟ್ಟು ತಕ್ಕಡಿಯನ್ನೇ ಪರೀಕ್ಷೆ ಮಾಡಬೇಕು. ಒಂದು ಕೂಸನ್ನು ಮೂರು ಸಲ ತೂಗಬೇಕು, ಪ್ರತಿ ಸಲ ಕೆಳಗಿಳಿಸಿ. ಹೋದ ತಿಂಗಳ ತೂಕ ನೋಡಕೂಡದು. ನೋಡಿದರೆ ಕಣ್ಣು ಅದಕ್ಕೆ ಹತ್ತಿರದ್ದನ್ನೇ ಓದುತ್ತದೆ. ಮೊದಲು ಬರೆಯಬೇಕು, ಆಮೇಲೆ ಬಾಯಿಬಿಟ್ಟು ಹೇಳಬೇಕು. ಏನೇ ಬರೆದರೂ ತಾರೀಕು ಹಾಕಬೇಕು. “ನೆನಪನ್ನ ನಂಬಬೇಡಿ, ಕಾಗದವನ್ನ ನಂಬಿ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ.

ಕೂಸಿನ ಬದಲಿಗೆ ಜೋಳದ ಹಿಟ್ಟನ್ನು ಚೀಲದಲ್ಲಿ ತುಂಬಿ, ಕುಂಚಿಗೆ ಕಟ್ಟಿ ತೂಗುತ್ತಿದ್ದೆವು. ಹಿರೇಕೆರೂರಿನ ಸಂಶೋಧಕಿ ತಮಾಷೆಯವರು. ಹಿಟ್ಟಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ, “ಅಳಬ್ಯಾಡ ನನ್ನ ಕಂದಾ, ಸರ್ ಮೂರ ಸಲ ತೂಗಿ ಬಿಡ್ತಾರ, ಆಮ್ಯಾಲೆ ರೊಟ್ಟಿ ಬಡಿಯೋಣು” ಎಂದು ಸಮಾಧಾನ ಮಾಡಿದ್ದರು. ಮಧ್ಯಾಹ್ನ ಹನ್ನೆರಡು ಬುತ್ತಿಗಳು ಬಿಚ್ಚುತ್ತಿದ್ದವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಲೆ. ಕೊನೆಗೆ ಸವಣೂರಿನ ಸಂಶೋಧಕಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಎಳೇ ವೀಳ್ಯದೆಲೆ. ಅವರದು ಮಾತು ಕಡಿಮೆ, ಬರೆಯುವುದು ಹೆಚ್ಚು. ಹೊಲಿಗೆ ಮಾಡುತ್ತಿದ್ದವರು, ಅತ್ತೆಮಾವನನ್ನು ಒಪ್ಪಿಸಿ ಹೊರಗಿನ ಕೆಲಸಕ್ಕೆ ಬಂದವರು.

ಮೂರನೆಯ ದಿನ ಮಧ್ಯಾಹ್ನ, ‘ಕೂಸಿನ ಮೈಮೇಲೆ ಏನೂ ಇರಬಾರದು’ ಎಂದು ಹಲಗೆಯ ಮೇಲೆ ಬರೆದ ಹೊತ್ತಿನಲ್ಲಿ ಏನೋ ಆಯಿತು. ಇಡೀ ಕೋಣೆ ನಕ್ಕಿತು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಸುಣ್ಣದಕಡ್ಡಿ ನನ್ನ ಕೈಯಿಂದ ಬಿದ್ದದ್ದು ನೆನಪಿದೆ. ಯಾಕೆ ನಕ್ಕೆವು ಎನ್ನುವುದು ನೆನಪಿರಲಿಲ್ಲ. ಊರೂರು ತಿರುಗಿ ಒಂದೂ ಕಡೆ ನೆಲೆ ನಿಲ್ಲದ ನನಗೆ, ನಿಮ್ಮ ಕೆಲಸದಲ್ಲಿ ಅತ್ಯಂತ ಖುಷಿಯ ದಿನ ಯಾವುದು ಎಂದು ಯಾರಾದರೂ ಕೇಳಿದ್ದರೆ ಆ ಮಧ್ಯಾಹ್ನವನ್ನೇ ಹೇಳುತ್ತಿದ್ದೆ.

ಆರು ತಿಂಗಳು ಕಳೆಯಿತು. ಟ್ಯಾಬ್ಲೆಟ್ಟುಗಳಿಂದ ಅಂಕಿಗಳು ಧಾರವಾಡದ ನನ್ನ ಕೋಣೆಗೆ ಬರುತ್ತಿದ್ದವು. ಕ್ಷೇತ್ರಕಾರ್ಯದಲ್ಲಿ ಒಂದು ಹಳೇ ರೋಗವಿದೆ: ಮನೆಗೆ ಹೋಗದೆ ಬೇವಿನ ಮರದ ಕೆಳಗೆ ಕೂತು ಅಂಕಿ ತುಂಬಿಸುವುದು. ಅದನ್ನು ಹಿಡಿಯಲು ಕೊನೆಯ ಅಂಕೆಯನ್ನು ನೋಡುತ್ತಾರೆ. ನಮ್ಮ ತಕ್ಕಡಿ ತೋರಿಸುವುದು ಹತ್ತು ಹತ್ತು ಗ್ರಾಮಿನ ಲೆಕ್ಕದಲ್ಲಿ. ಐದು ನಾನೂರಾ ಇಪ್ಪತ್ತು ಬರಬಹುದು, ಐದು ನಾನೂರಾ ಮೂವತ್ತು ಬರಬಹುದು, ನಡುವಿನದು ಬರಲಾರದು. ಹನ್ನೊಂದು ಮಂದಿಯ ತೂಕಗಳೆಲ್ಲ ಸೊನ್ನೆಯಲ್ಲಿ ಮುಗಿಯುತ್ತಿದ್ದವು. ಒಬ್ಬರದು ಮಾತ್ರ ಮೂರು, ಎರಡು, ಎಂಟು, ಒಂದು. ನಾಲ್ಕು ಕಿಲೋ ಎಂಟುನೂರ ಎಪ್ಪತ್ಮೂರು. ಆ ತಕ್ಕಡಿ ಎಂದೂ ತೋರಿಸಲಾರದ ತೂಕ.

ಹೆಸರಿನ ಜಾಗದಲ್ಲಿ ಸವಣೂರಿನ ಸಂಶೋಧಕಿಯ ಸಂಖ್ಯೆ ಇತ್ತು.

ಸುಳ್ಳು ಬರೆಯುವವರು ಸಾಮಾನ್ಯವಾಗಿ ಸೊನ್ನೆ, ಐದುಗಳನ್ನೇ ಬರೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಅಷ್ಟಕ್ಕೇ ನಾನು ತಡೆಯಬೇಕಿತ್ತು. ಬದಲಿಗೆ, ಈಕೆ ಜಾಣೆ, ನಿಜದ ಹಾಗೆ ಕಾಣಲೆಂದು ಒರಟು ಅಂಕಿ ಹಾಕಿದ್ದಾಳೆ ಎಂದುಕೊಂಡೆ. ಅನುಮಾನ ಒಮ್ಮೆ ಒಬ್ಬರ ಮೇಲೆ ಕೂತರೆ ತನ್ನನ್ನು ತಾನು ಅನುಮಾನಿಸುವುದನ್ನು ಮರೆಯುತ್ತದೆ. ಅವರ ಆರು ತಿಂಗಳ ತೂಕಗಳನ್ನೆಲ್ಲ ತೆಗೆದುಹಾಕಬೇಕು, ಅವರನ್ನು ಕೆಲಸದಿಂದ ಬಿಡಿಸಬೇಕು ಎಂದು ವರದಿ ಬರೆದು ಮುಖ್ಯಸ್ಥೆಗೆ ಫೋನು ಮಾಡಿದೆ. ಅವರು, “ಕಣ್ಣಾರೆ ನೋಡಿದಿರಾ?” ಎಂದರು. ಇಲ್ಲ ಎಂದೆ. “ನೋಡಿ ಬನ್ನಿ. ಆಮೇಲೆ ಕಳಿಸಿ” ಎಂದರು.

ವರದಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಆ ದಿನ ಅವರ ಸರದಿ ಬಂಕಾಪುರದ ಹತ್ತಿರದ ಹಳ್ಳಿಯಲ್ಲಿತ್ತು. ಬಿಸಿಲಿತ್ತೋ ಮೋಡವಿತ್ತೋ ಹೇಳಲಾರೆ. ಬಸ್ಸಿಳಿದಾಗ ಕೋಟೆಯ ಕಡೆಯಿಂದ ನವಿಲು ಕೂಗುತ್ತಿದ್ದವು. ಅದೂ ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು. ಅವರು ಹೆಗಲಿಗೆ ತಕ್ಕಡಿಯ ಚೀಲ ಹಾಕಿಕೊಂಡು ಟಂಟಂ ರಿಕ್ಷಾಕ್ಕೆ ಕಾಯುತ್ತಿದ್ದರು. ನನ್ನನ್ನು ಕಂಡು ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ನಕ್ಕರು.

“ಏನ್ರಿ ಸರ್, ಹೇಳದ ಕೇಳದ ಬಂದೀರಿ? ಪರೀಕ್ಷಾ ಐತೇನು?”

“ಇಲ್ಲ, ಸುಮ್ಮನೆ ಬಂದೆ.”

“ಸುಮ್ನ ಬರೂ ಮಂದಿ ಅಲ್ರಿ ನೀವು. ಬರ್ರಿ, ಬರ್ರಿ.”

ಒಕ್ಕಲಿನ ಮನೆ. ನಾಲ್ಕು ತಿಂಗಳ ಹೆಣ್ಣುಕೂಸು, ಬಾಣಂತಿ, ಕೂಸಿನ ಅಜ್ಜಿ. ಸವಣೂರಿನವರು ಒಳಹೋಗುತ್ತಿದ್ದಂತೆ ಕೂಸು ಕೈಕಾಲು ಬಡಿಯಿತು. ಬೇವಿನ ಮರದ ಕೆಳಗೆ ಕೂತು ಅಂಕಿ ತುಂಬಿಸುವವರನ್ನು ಕೂಸು ಹೀಗೆ ಗುರುತು ಹಿಡಿಯುವುದಿಲ್ಲ. ಆದರೂ ನನ್ನ ಅನುಮಾನ ಸಡಿಲಾಗಲಿಲ್ಲ. ಹಲಗೆ ಹಾಕಿದರು. ಗುಳ್ಳೆ ನೋಡಿದರು. ಬಟ್ಟು ಇಟ್ಟು ತೆಗೆದರು. ಕುಲಾಯಿ, ಅಂಗಿ, ಕಾಲ್ಗಡಗ, ಕೈಯ ಕರಿಮಣಿ ಒಂದೊಂದಾಗಿ ಬಿಚ್ಚಿಸಿ ತಾಯಿಯ ಮಡಿಲಿಗೆ ಹಾಕಿದರು. ಮೂರು ಸಲ ತೂಗಿದರು. ಮೂರೂ ಸಲ ಐದು ನಾನೂರಾ ಇಪ್ಪತ್ತು. ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಕಣ್ಣು ಅರೆಮುಚ್ಚಿ, ಬೆರಳ ಗೆಣ್ಣುಗಳ ಮೇಲೆ ಏನೋ ಎಣಿಸಿ, ಟ್ಯಾಬ್ಲೆಟ್ಟಿನಲ್ಲಿ ಐದು ಮುನ್ನೂರ ತೊಂಬತ್ಮೂರು ಎಂದು ಒತ್ತಿದರು.

“ನಿಲ್ಲಿ. ತಕ್ಕಡಿ ತೋರಿಸಿದ್ದು ಒಂದು, ನೀವು ಹಾಕಿದ್ದು ಇನ್ನೊಂದು.”

“ಉಡದಾರ ಐತಲ್ರಿ ಸರ್. ಇಪ್ಪತ್ತೇಳು ಗ್ರಾಂ.”

ಆಗ ನೋಡಿದೆ. ಕೂಸಿನ ಸೊಂಟದಲ್ಲಿ ಬೆಳ್ಳಿಯ ಉಡದಾರ, ಅದಕ್ಕೆ ಐದು ಸಣ್ಣ ಗೆಜ್ಜೆ.

“ಅದನ್ನ ಯಾಕೆ ಬಿಚ್ಚಲಿಲ್ಲ? ಮೈಮೇಲೆ ಏನೂ ಇರಬಾರದು ಅಂತ ಹೇಳಿದ್ದೆನಲ್ಲ” ಎನ್ನುತ್ತ ಬಗ್ಗಿ ಉಡದಾರದ ಕೊಂಡಿಗೆ ಕೈಹಾಕಿದೆ.

ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಹಿಡಿದಳು ಎನ್ನುವುದು ನನ್ನ ನೆನಪು. ಹೊಡೆದಳು ಎಂದು ಸವಣೂರಿನವರು ಇವತ್ತಿಗೂ ಹೇಳುತ್ತಾರೆ.

“ಏ ತಮ್ಮಾ! ಕೈ ತಗಿ. ಅದನ್ನ ತಗಿಯೂದು ಯಾವಾಗ ಅಂತ ಗೊತ್ತೈತೇನು ನಿನಗ? ಹೆಣಾ ಮಣ್ಣಿಗಿ ಒಯ್ಯು ಮುಂದ. ಬದುಕಿದ ಕೂಸಿಂದು ಬಿಚ್ಚಾಕ ಬಂದಾನ, ಸಾಲಿ ಕಲ್ತಾಂವ!”

“ಅಮ್ಮಾ, ಅವರಿಗೆ ಗೊತ್ತಿಲ್ರಿ, ಬಿಡ್ರಿ” ಎಂದರು ಸವಣೂರಿನವರು.

“ಗೊತ್ತಿಲ್ಲಂದ್ರ ಹೆಂಗ? ಇಂವಗ ಇವ್ರವ್ವ ಕಟ್ಟಿರಲಿಲ್ಲೇನು?”

ಕಟ್ಟಿದ್ದಳು. ಹಳೇ ಮೈಸೂರಿನ ಕಡೆಯ ನಮ್ಮ ಮನೆಯಲ್ಲೂ ಅದು ಇತ್ತು, ಕರಿದಾರದ್ದು. ಹಾಸ್ಟೆಲಿಗೆ ಸೇರಿದ ಮೊದಲ ವರ್ಷ ಅದನ್ನು ಬ್ಲೇಡಿನಿಂದ ಕತ್ತರಿಸಿ ಕಿಟಕಿಯಾಚೆ ಎಸೆದಿದ್ದೆ. ರಜೆಗೆ ಹೋದಾಗ ಅಮ್ಮ ಕಂಡಳು. ಊಟಕ್ಕೆ ಬಡಿಸಿ ತಾನು ಉಣ್ಣದೆ ಎದ್ದುಹೋದಳು. ಎಷ್ಟೋ ವರ್ಷ ಅದು ನನಗೆ ನೆನಪೇ ಬಂದಿರಲಿಲ್ಲ. ಅಜ್ಜಿಯ ಕೈ ಮಣಿಕಟ್ಟಿನ ಮೇಲಿದ್ದಾಗ ಬಂತು.

ಹೊರಗೆ ಕಟ್ಟೆಯ ಮೇಲೆ ಕೂತೆವು. ಸವಣೂರಿನವರು ಪುಸ್ತಕದ ಹಿಂಬದಿ ತೆರೆದರು. ಗೆರೆ ಎಳೆದು ಮಾಡಿದ ಪಟ್ಟಿ. ಕರಿದಾರ ಬರೇದ್ದು, ಎರಡು ಗ್ರಾಂ. ಬೆಳ್ಳಿ, ಸಣ್ಣ ಎಳೆ, ಹದಿನೆಂಟು. ಬೆಳ್ಳಿ, ಐದು ಗೆಜ್ಜೆ, ಇಪ್ಪತ್ತೇಳು. ತಾಯತ, ತಾಮ್ರದ್ದು, ಒಂಬತ್ತು. ಪ್ರತಿ ಸಾಲಿಗೂ ತಾರೀಕು. ಸವಣೂರಿನಲ್ಲಿ ಅವರ ಸೋದರಮಾವನದು ಬೆಳ್ಳಿ ಅಂಗಡಿ. ತಾಯಂದಿರನ್ನು ಕೇಳಿ, ಎಂಥದ್ದು, ಎಲ್ಲಿ ಕೊಂಡದ್ದು ಎಂದು ತಿಳಿದು, ಅಂಥದೇ ಒಂದನ್ನು ಮಾವನ ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಂಡಿದ್ದರು. ಆ ತಕ್ಕಡಿ ಗ್ರಾಮಿನ ನೂರನೇ ಪಾಲನ್ನೂ ತೋರಿಸುತ್ತದೆ.

“ಇದನ್ನ ನನಗೆ ಯಾಕೆ ಹೇಳಲಿಲ್ಲ?”

“ಕೇಳಿದ್ನೆಲ್ರಿ ನಿಮ್ಮನ್ನ.”

“ಯಾವಾಗ?”

“ಶಿಗ್ಗಾಂವ್ಯಾಗ. ಮೂರನೇ ದಿನ.”

“ಸಾಧ್ಯವಿಲ್ಲ. ಕೇಳಿದ್ದರೆ ನನಗೆ ನೆನಪಿರುತ್ತಿತ್ತು.”

ಅವರು ಪುಸ್ತಕದ ಮೊದಲ ಹಾಳೆಗಳನ್ನು ಮಗುಚಿ, ಒಂದು ಪುಟದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಮೇಲೆ ತಾರೀಕು. ಕೆಳಗೆ ಗುಂಡಗಿನ ಅಕ್ಷರ:

‘ಪ್ರಶ್ನೆ: ಉಡದಾರ, ತಾಯತ ಇದ್ದರ ಹೆಂಗ? ಉತ್ತರ: ಸರ್ ನಕ್ಕರು. ಎಲ್ಲಾರೂ ನಕ್ಕರು.’

ಸುಣ್ಣದಕಡ್ಡಿ ಬಿದ್ದ ಸದ್ದು ಕೇಳಿದ ಹಾಗಾಯಿತು. ನಾನು ಏನೋ ಚಟಾಕಿ ಹಾರಿಸಿರಬೇಕು. ಏನು ಹೇಳಿದೆ ಎಂದು ಅವರನ್ನು ಕೇಳಲು ಧೈರ್ಯ ಬರಲಿಲ್ಲ, ಅವರೂ ಹೇಳಲಿಲ್ಲ.

“ನಕ್ಕಿದ್ದು ಉತ್ತರ ಅಲ್ಲಲ್ರಿ,” ಎಂದರು. “ಬಿಚ್ಚಸಂಗಿಲ್ಲ, ಬಿಚ್ಚಿಸಿದ್ರ ಮುಂದಿನ ತಿಂಗಳ ಒಳಗ ಕರ್ಯಂಗಿಲ್ಲ. ಇಟ್ಟ ತೂಗಿದ್ರ ಕೂಸಿನ ತೂಕ ಅಲ್ಲ. ಅದಕ್ಕ ನಾನs ಒಂದ ಹಾದಿ ಮಾಡ್ಕೊಂಡೆ.”

“ತಕ್ಕಡಿಯ ಅಂಕಿಯನ್ನೂ ಹಾಕಬೇಕಿತ್ತು.”

“ಖಾನೆ ಒಂದs ಇತ್ತಲ್ರಿ. ಎರಡ ಕೊಟ್ಟಿದ್ರ ಎರಡೂ ತುಂಬತಿದ್ದೆ.” ಪುಸ್ತಕ ಮುಚ್ಚಿ ನನ್ನ ಚೀಲದ ಕಡೆ ನೋಡಿದರು. “ಸರ್, ಖರೇ ಹೇಳ್ರಿ. ಸುಳ್ಳ ಬರಿತಾಳ ಅಂತ ನೋಡಾಕ ಬಂದ್ರೇನು?”

ನಾನು ಚೀಲವನ್ನು ಕಾಲಿನ ಹಿಂದಕ್ಕೆ ಸರಿಸಿದೆ.

“ಹೊರಗ ದುಡಿಯಾಕ ಹೋಗ್ತೇನಿ ಅಂದಾಗ ನಮ್ಮ ಗಂಡನ ಮನಿ ಮಾವಾರು ಒಂದs ಮಾತ ಹೇಳಿದ್ರು: ಹೋಗು, ಬೇಅದಬಿ ಮಾಡಿ, ಮರ್ಯಾದಿ ಕಳಕೊಂಡು ತಿರುಗಿ ಬರಬ್ಯಾಡ ಅಂತ. ಸುಳ್ಳ ಬರದಾಕಿ ಅಂತ ಬಿಡಿಸಿ ಕಳಿಸಿದ್ರ ಸವಣೂರಾಗ ಯಾವ ಬಾಗಲಾ ತೆರೀತೈತ್ರಿ ನನಗ? ಹೊಲಿಯಾಕ ಅರಿಬೀನೂ ಕೊಡೂದಿಲ್ಲ ಯಾರೂ.”

ನನಗೆ ಒಂದು ಪ್ರಶ್ನೆ ಮಾತ್ರ ಉಳಿದಿತ್ತು: ಉಳಿದ ಹನ್ನೊಂದು ಮಂದಿ ಏನು ಮಾಡುತ್ತಿದ್ದಾರೆ?

ಮರುದಿನ ಹಂಸಭಾವಿಗೆ ಹೋದೆ. ಹಿರೇಕೆರೂರಿನ ಆ ತಮಾಷೆಯ ಸಂಶೋಧಕಿ ಕೂಸಿನ ಅಂಗಿ ಬಿಚ್ಚಿ, ಉಡದಾರದ ಸಮೇತ ತೂಗಿ, ‘ಮೈಮೇಲೆ ಏನೂ ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದರು. ಕಣ್ಣು ಮಿಟುಕಿಸಲಿಲ್ಲ.

“ಏನೂ ಇಲ್ಲವೇ?” ಎಂದೆ.

“ಬತ್ತಲೈತಲ್ರಿ ಕೂಸು.”

“ಉಡದಾರ?”

ಅವರು ನನ್ನನ್ನು, ಇವನಿಗೆ ಜ್ವರ ಬಂದಿದೆಯೇ ಎನ್ನುವಂತೆ ನೋಡಿದರು. “ಉಡದಾರ ಇದ್ರೂ ಬತ್ತಲೀನs ಅಲ್ಲೇನ್ರಿ ಸರ್. ಉಡದಾರಾನೂ ಇಲ್ಲಂದ್ರ...” ಎಂದವರು ಮಾತು ನಿಲ್ಲಿಸಿ, ಕೂಸಿನ ಕೆನ್ನೆ ಮುಟ್ಟಿ ನೆಟಿಗೆ ಮುರಿದರು. “ಬ್ಯಾಡ ಬಿಡ್ರಿ. ಕೂಸಿನ ಮುಂದ ಅಂಥಾ ಮಾತ ಆಡಬಾರದು.”

ಹಾನಗಲ್ಲಿನ ಕಡೆಯೂ ಅದೇ. ಶಿಗ್ಗಾಂವಿಯಲ್ಲೂ ಅದೇ. ಹನ್ನೊಂದು ಮಂದಿಯಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ. ಸೊಂಟದಲ್ಲಿ ಉಡದಾರವಿರುವ ಕೂಸೇ ಅವರ ಪಾಲಿಗೆ ಬತ್ತಲೆ ಕೂಸು. ನಾನು ಶುದ್ಧ ಎಂದುಕೊಂಡಿದ್ದ ಸೊನ್ನೆಗಳ ಒಳಗೆಲ್ಲ ಬೆಳ್ಳಿ ಇತ್ತು. ತೊಟ್ಟಿಲಿಗೆ ಹಾಕುವಾಗ ಕರಿದಾರ ಹೋಗಿ ಬೆಳ್ಳಿ ಬಂದ ತಿಂಗಳು ಕೂಸು ಚೆನ್ನಾಗಿ ಬೆಳೆದಂತೆ ಕಾಣುತ್ತಿತ್ತು. ಬೆಳ್ಳಿ ಬಿಗಿಯಾಗಿ ಮತ್ತೆ ದಾರ ಕಟ್ಟಿದ ತಿಂಗಳು ಸೊರಗಿದಂತೆ. ಹೊಸದನ್ನು ಕಟ್ಟಿದ ಮೇಲಷ್ಟೇ ಹಳೆಯದನ್ನು ಬಿಚ್ಚುವುದು ಅಲ್ಲಿನ ರೂಢಿ, ಸೊಂಟ ಬರಿದಾಗುವಂತಿಲ್ಲ. ನನ್ನ ಜಾಣ ಪರೀಕ್ಷೆ ಹನ್ನೆರಡು ಮಂದಿಯಲ್ಲಿ ಸರಿಯಾಗಿ ತೂಗಿದ ಒಬ್ಬರನ್ನೇ ಹುಡುಕಿ ಹಿಡಿದಿತ್ತು.

ಹಿರೇಕೆರೂರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಹಳೇ ವರದಿಯ ಬೆನ್ನಿಗೆ ಹೊಸದು ಬರೆದೆ. ಒಂದು: ಸವಣೂರಿನ ಸಂಶೋಧಕಿಯ ತೂಕಗಳು ಉಳಿಯಬೇಕು, ತಕ್ಕಡಿಯ ಮೂಲ ಅಂಕಿ ಅವರ ಪುಸ್ತಕದಲ್ಲಿದೆ. ಎರಡು: ಇನ್ನು ಮುಂದೆ ಎರಡು ಖಾನೆ, ತಕ್ಕಡಿ ತೋರಿಸಿದ್ದು ಮತ್ತು ಮೈಮೇಲೆ ಇದ್ದದ್ದು, ಕಳೆಯುವ ಲೆಕ್ಕ ಕಚೇರಿಯದು. ಮೂರು: ಈ ಪ್ರಶ್ನೆಯನ್ನು ಅವರು ತರಬೇತಿಯಲ್ಲೇ ಕೇಳಿದ್ದರು, ನಾನು ಉತ್ತರಿಸಲಿಲ್ಲ. ಮೂರನೆಯದನ್ನು ಬರೆಯುವಾಗ ಒಂದು ಬಸ್ಸು ಬಿಟ್ಟೆ. ಅಲ್ಲಿಂದಲೇ ಮುಖ್ಯಸ್ಥೆಗೆ ಫೋನಿನಲ್ಲಿ ಓದಿ ಹೇಳಿದೆ.

“ಮೂರನೆಯದನ್ನ ಮೊದಲನೆಯದು ಮಾಡಿ,” ಎಂದರು.

ಆಮೇಲಿನ ಎರಡು ವಾರಗಳು ನನ್ನ ಮನಸ್ಸಿನಲ್ಲಿ ಹಬ್ಬದ ಹಾಗೆ ಉಳಿದಿವೆ. ಹನ್ನೊಂದು ಮಂದಿಯ ಹಳೆಯ ತೂಕಗಳನ್ನು ಎಷ್ಟು ಸಾಧ್ಯವೋ ಅಷ್ಟು ಸರಿಪಡಿಸಲು ಮನೆಮನೆ ತಿರುಗಿದೆವು. ಸವಣೂರಿನವರ ಸೋದರಮಾವ ತಮ್ಮ ಸಣ್ಣ ತಕ್ಕಡಿಯೊಂದನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟಿದ್ದರು. ಅದು ನನ್ನ ಮಡಿಲಿನಲ್ಲಿ, ಬಸ್ಸು ಹಾರಿದಾಗಲೆಲ್ಲ ಸವಣೂರಿನವರ ಕಣ್ಣು ಅದರ ಮೇಲೆ. ತಾಯಂದಿರು ಪೆಟ್ಟಿಗೆಯಿಂದ ಚಿಕ್ಕದಾದ ಉಡದಾರಗಳನ್ನು ತೆಗೆದು ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದರು. ಇದು ನಾಗರ ಪಂಚಮಿಗೆ ಸಣ್ಣತ್ತಿ ತಂದದ್ದು, ಇದು ಐದನೇ ತಿಂಗಳಿಗೆ ಬಿಗಿಯಾಯಿತು, ಇದು ಹಿರೇ ಮಗಂದು, ಮೂರು ವಾರ ಅಷ್ಟೇ ಕಟ್ಟಿದ್ದು. ಕೇಳಿದ ಕೂಡಲೇ ತಿಂಗಳು, ತಿಥಿ ಹೇಳುತ್ತಿದ್ದರು. ಬೆಳ್ಳಿ ಅಂಗಡಿಯ ಚೀಟಿ ಸಿಕ್ಕ ಕಡೆಯೆಲ್ಲ ತಾಳೆ ನೋಡಿದೆ. ಅವರ ಮಾತು ತಪ್ಪಿದ್ದು ತೀರ ಕಡಿಮೆ. ನೆನಪನ್ನು ನಂಬಬೇಡಿ ಎಂದು ಕಲಿಸಿದವನು ನಾನು. ಅವರ ನೆನಪು ಉಡದಾರಕ್ಕೆ ಕಟ್ಟಿಕೊಂಡಿತ್ತು. ನನ್ನದು ನನ್ನ ಖುಷಿಗೆ. ತಿಳಿಯದ ಕಡೆ ‘ತಿಳಿಯದು’ ಎಂದು ಬರೆದೆವು. ಅಂಥ ಖಾಲಿ ಜಾಗಗಳು ಇವತ್ತಿಗೂ ನಮ್ಮ ದಾಖಲೆಯಲ್ಲಿ ಹಾಗೇ ಇವೆ.

ಆ ಕೂಸುಗಳೆಲ್ಲ ಈಗ ಶಾಲೆಗೆ ಹೋಗುತ್ತವೆ. ಬಂಕಾಪುರದ ಹುಡುಗಿ ಅಳತೆಗೋಲಿಗೆ ಬೆನ್ನು ಹಚ್ಚಿ ನಿಂತರೆ ನನ್ನ ಎದೆಮಟ್ಟ ಬರುತ್ತಾಳೆ. ನಾನು ನಡುವೆ ಎರಡು ಸಲ ಬೇರೆ ಕೆಲಸಕ್ಕೆ ಹೋಗಿ, ಎರಡು ಸಲ ತಿರುಗಿ ಬಂದೆ. ಸವಣೂರಿನವರು ಒಂದು ದಿನವೂ ಬಿಟ್ಟವರಲ್ಲ. ಈಗ ತರಬೇತಿ ಕೊಡುವವರು ಅವರೇ. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಮಕ್ಕಳ ಎತ್ತರ ಅಳೆಯುವವರ ಹೊಸ ತಂಡಕ್ಕೆ ಮೊನ್ನೆ ಅದೇ ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ ನಡೆದಿತ್ತು. ಚಿಕ್ಕೇರೂರಿನ ಹೊಸ ಹುಡುಗಿಯೊಬ್ಬಳು ಅಳುಕುತ್ತಾ ಕೈ ಎತ್ತಿದಳು.

“ಮ್ಯಾಡಂ, ಹರಕಿ ಕೂದಲಾ ಬಿಟ್ಟಿರ್ತಾರಲ್ರಿ ಹುಡುಗ್ರಿಗೆ, ನೆತ್ತಿ ಮ್ಯಾಲೆ ಗಂಟ ಕಟ್ಟಿ... ಅಳತಿ ಗಂಟಿನ ಮ್ಯಾಲಿಂದೋ, ಕೆಳಗಿಂದೋ?”

ಪಕ್ಕದವಳು, “ಗಂಟ ಬಿಚ್ಚಿ ನಿನ್ನ ತಲಿಗಿ ಕಟ್ಕೋ” ಎಂದಳು. ಕೋಣೆ ನಕ್ಕಿತು. ನನ್ನ ಬಾಯೂ ಅರ್ಧ ತೆರೆದಿತ್ತು. ಸವಣೂರಿನವರು ನಗಲಿಲ್ಲ, ಕೋಣೆಯನ್ನು ದಾಟಿ ನನ್ನ ಕಡೆ ನೋಡಿದರು. ಗದರಿಸುವ ನೋಟವಲ್ಲ. ಪುಸ್ತಕ ತೆರೆದಿಟ್ಟು ಕಾಯುವ ನೋಟ.

ನಾನು ಎದ್ದು ಹೋಗಿ, ಹಲಗೆಯ ಮೇಲೆ ಆ ಹುಡುಗಿಯ ಪ್ರಶ್ನೆಯನ್ನು ಅವಳದೇ ಮಾತಿನಲ್ಲಿ ಬರೆದೆ. ಉತ್ತರ ನನಗೆ ಗೊತ್ತಿರಲಿಲ್ಲ. ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ತಿರುಗಿದೆ.

“ತಾರೀಕ ಹಾಕ್ರಿ ಸರ್,” ಎಂದರು ಅವರು. “ಆಮ್ಯಾಲೆ ನಿಮಗ ನೆನಪಿರಂಗಿಲ್ಲ.”

ಹಾಕಿದೆ.